ಜೋಡಿಸಿದವರಿಗೆ ಬೆಳ್ಳಿ ಕಡಗ

ಎರಡು ಪೈಪು ಬೇರೆ ಬೇರೆ ಬಿದ್ದಿರುವುದನ್ನು ನೋಡಿದರೆ ನಮ್ಮಪ್ಪ ಗದ್ದೆಪ್ಪನಿಗೆ ಸಂಕಟವಾಗುತ್ತದೆ. ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಪಂಪು-ಪೈಪಿನ ಅಂಗಡಿ ಇದೆ. ಒಂದು ಇಂಚಿಗೆ ಎರಡು ಇಂಚು, ಕಬ್ಬಿಣಕ್ಕೆ ಪ್ಲಾಸ್ಟಿಕ್ಕು, ಔಷಧ ಹೊಡೆಯುವ ಪಂಪಿಗೆ ಮನೆಯ ನಲ್ಲಿ, ಏನು ತಂದು ಮುಂದಿಟ್ಟರೂ ಸೈಕಲ್ ಟ್ಯೂಬು ಸುತ್ತಿ, ನೂಲು ಬಿಗಿದು, ಒಂದಿಷ್ಟು ಕಾಸಿ, ಒಂದಿಷ್ಟು ಬೈದು ಜೋಡಿಸಿಯೇ ಕಳಿಸುತ್ತಾನೆ. ಮುರಿಯುವ ಹಂತಕ್ಕೆ ಬಂದ ಮದುವೆಯ ಮಾತು ಎದ್ದರೂ ನಮ್ಮ ಓಣಿಯವರು "ಗದ್ದೆಪ್ಪನ ಕೈಯಾಗ ಕೊಡ್ರಿ, ಜೋಡಿಸ್ತಾನ" ಎಂದು ಚೇಷ್ಟೆ ಮಾಡುತ್ತಾರೆ. ಅಪ್ಪ ಅದನ್ನು ಚೇಷ್ಟೆ ಎಂದು ತಿಳಿದಿಲ್ಲ, ಸನ್ಮಾನ ಎಂದೇ ತಿಳಿದಿದ್ದಾನೆ.

ಅಂಥವನ ಹೊಟ್ಟೆಯಲ್ಲಿ ಹುಟ್ಟಿದ ನಾನು, ಸುಕನ್ಯಾ, ಯಾರೂ ತಪ್ಪಾಗಿ ಜೋಡಿಸಲಾಗದ ಒಂದು ಜಾಯಿಂಟು ಮಾಡಲು ಹೊರಟೆ. ಊರಿಗೆಲ್ಲ ಇದು ಅಪ್ಪನ ಮೇಲಿನ ಸೇಡು ಅನ್ನಿಸಿತು. ಸೇಡೇನೂ ಅಲ್ಲ. ಸ್ವಲ್ಪ ಇದ್ದಿರಬಹುದು.

ಇದರ ಮೂಲ ನಮ್ಮ ಆಯಿಯ ಮೂಗು. ಅಪ್ಪನ ತಾಯಿ ಯಮನೂರಮ್ಮನಿಗೆ ಹಿಂದೊಮ್ಮೆ ಲಕ್ವಾ ಹೊಡೆದು ನುಂಗಲು ಬಾರದಾಯಿತು. ಆಸ್ಪತ್ರೆಯವರು ಮೂಗಿನಿಂದ ಹೊಟ್ಟೆಗೆ ಸಣ್ಣದೊಂದು ನಳಿಗೆ ಇಳಿಸಿ ಮನೆಗೆ ಕಳಿಸಿದರು. ಸೋಸಿದ ಅಂಬಲಿಯ ಬಾಟ್ಲಿಯನ್ನು ಗೂಟಕ್ಕೆ ತೂಗುಹಾಕಿ, ಅದರ ಪೈಪನ್ನು ಮೂಗಿನ ನಳಿಗೆಗೆ ಸಿಕ್ಕಿಸಬೇಕು. ಸಿಕ್ಕಿಸಿದ ಜಾಗದಲ್ಲಿ ಹನಿ ಹನಿ ಸೋರುತ್ತಿತ್ತು. ಹಾಸಿಗೆ ತುಂಬ ಇರುವೆ, ಆಯಿಯ ಕಿವಿಯಲ್ಲೂ ಇರುವೆ. ಅಪ್ಪ ಇದನ್ನು ನೋಡಿ ಸುಮ್ಮನಿರುತ್ತಾನೆಯೇ? ಸೈಕಲ್ ಟ್ಯೂಬು ಸುತ್ತಿ, ನೂಲು ಬಿಗಿದು, ಮೇಲೆ ಮೋಟಾರಿಗೆ ಮೆತ್ತುವ ಲೇಪ ಬಳಿದ. ಒಂದು ಹನಿ ಸೋರಲಿಲ್ಲ. ಆದರೆ ತೊಳೆಯಬೇಕೆಂದರೆ ಬಿಚ್ಚಲು ಬಂದರೆ ತಾನೇ! ಒಳಗೆ ಅಂಬಲಿ ಹುಳಿಯಿತು, ಆಯಿಗೆ ಹೊಟ್ಟೆ ಕೆಟ್ಟು ಮತ್ತೆ ಆಸ್ಪತ್ರೆ ಸೇರಿದಳು. ಅಲ್ಲಿ ಅಪ್ಪ ಅಂಬಲಿಯ ಪೈಪು ಹಿಡಿದು ಅದನ್ನು ಸಲೈನಿನ ಪೈಪಿಗೂ ಅಳತೆ ನೋಡುತ್ತಿದ್ದನಂತೆ, ಸುಮ್ಮನೆ ಕೂತು ಬೇಸರವಾಗಿ. ಅದು ಹೊಂದುತ್ತಿತ್ತು ಕೂಡ! ನರ್ಸೊಬ್ಬಳು ಚೀರಿ ಕಿತ್ತುಕೊಂಡಳು. ಹೊಟ್ಟೆಗೆ ಹೋಗಬೇಕಾದ ಅಂಬಲಿ ರಕ್ತಕ್ಕೆ ಹೋದರೆ ಮನುಷ್ಯ ಉಳಿಯುವುದಿಲ್ಲ ಎಂದು ನನಗೆ ತಿಳಿದದ್ದು ಅವತ್ತು.

ಆಯಿ ಗಟ್ಟಿ ಜೀವ, ಎದ್ದು ಕೂತಳು. ಈಗ ಪುಂಡಿಪಲ್ಲೆ ಹಚ್ಚಿಕೊಂಡು ಜೋಳದ ರೊಟ್ಟಿ ತಿನ್ನುತ್ತಾಳೆ. ಎಡಗೈ ಸ್ವಲ್ಪ ಜಗ್ಗುತ್ತದೆ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕಾಗಿದೆ.

ನಾನು ಸಿಂಧನೂರಿನಲ್ಲಿ ಮೆಹರಬಾನು ಆಪಾ ಅವರ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೇನೆ. ಅಕ್ಕಿ ಗಿರಣಿಗಳ ನಡುವೆ ಇರುವ ನಮ್ಮ ಶೆಡ್ಡಿನಲ್ಲಿ ಬಾಟ್ಲಿ ಮುಚ್ಚಳ, ಡಬ್ಬಿ, ಔಷಧ ಪಂಪಿನ ಮೂತಿ ತಯಾರಾಗುತ್ತವೆ. ನಕ್ಷೆ ಬರೆಯುವವಳು ನಾನು. ಮುಚ್ಚಳ ಬರೆದು ಬರೆದು ಬೇಸತ್ತಾಗಲೆಲ್ಲ ಹಾಳೆಯ ಅಂಚಿನಲ್ಲಿ ಆಯಿಯ ಜಾಯಿಂಟು ಬರೆಯುತ್ತಿದ್ದೆ. ಬರುಬರುತ್ತ ಅಂಚಿನದೇ ನಡುವಿಗೆ ಬಂತು.

ಅದರ ಗುಟ್ಟು ಇಷ್ಟೇ. ಎರಡು ತುಂಡು, ನಮ್ಮ ಭಾಷೆಯಲ್ಲಿ ಗಂಡು ಮತ್ತು ಹೆಣ್ಣು. ಹೆಣ್ಣು ಬಾಟ್ಲಿಯ ಪೈಪಿನ ತುದಿಗೆ, ಗಂಡು ಮೂಗಿನ ನಳಿಗೆಗೆ. ಎರಡರ ಬಾಯಿಗೂ ಒಂದೊಂದು ರಬ್ಬರ್ ಬಾಗಿಲು. ಗಂಡು ಬಂದು ಒತ್ತಿದಾಗ ಮಾತ್ರ ಹೆಣ್ಣಿನ ಬಾಗಿಲು ತೆರೆಯುತ್ತದೆ. ಎಳೆದರೆ ಎರಡೂ ಬಾಯಿ ಮುಚ್ಚಿಕೊಳ್ಳುತ್ತವೆ, ಒಂದು ಹನಿ ಹೊರಗೆ ಬೀಳದು, ಒಂದು ಇರುವೆ ಒಳಗೆ ಹೋಗದು. ಬಿಚ್ಚಿ ಬಿಸಿನೀರಲ್ಲಿ ತೊಳೆಯಬಹುದು. ಸಲೈನಿನ ಪೈಪು ಬಂದು ಎಷ್ಟು ಬಾಗಿಲು ಬಡಿದರೂ ಹೆಣ್ಣು ತೆರೆಯುವುದಿಲ್ಲ. ಇಷ್ಟು ಕೇಳಿ ಆಪಾ, "ನನ್ನಂಗ ಐತಿ ಬಿಡು" ಎಂದು ನಕ್ಕರು.

ನಕ್ಕರೇನು, ಡೈ ಕೊಡಬೇಕಲ್ಲ! ಡೈ ಎಂದರೆ ಉಕ್ಕಿನಲ್ಲಿ ಕೊರೆದ ಅಚ್ಚು. ಒಂದು ಉಕ್ಕಿನ ದಿಮ್ಮಿ ಶೆಡ್ಡಿನ ಮೂಲೆಯಲ್ಲಿ ಕೂತಿತ್ತು. ಅದರ ಮೇಲೆ ನನ್ನ ಕಣ್ಣು, ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ಮಾಡಿಸುವವರ ಕಣ್ಣು, ಎರಡೂ ಇದ್ದವು.

"ಉಕ್ಕು ಒಮ್ಮಿ ಕೊಯ್ದ್ರ ಕೊಯ್ದಂಗ ಬೇಟಿ," ಎಂದರು ಆಪಾ. "ಲಿಂಗಸೂಗೂರಿನ ಸಿಸ್ಟರ್ ಒಪ್ಪಿದ್ರ ನಿನ್ನ ಜಾಯಿಂಟು. ಒಪ್ಪದಿದ್ರ ಉಪ್ಪಿನಕಾಯಿ. ಆಮ್ಯಾಲ ನನ್ನ ಮುಂದ ಮಾರಿ ಸಣ್ಣ ಮಾಡಬ್ಯಾಡ."

ಲಿಂಗಸೂಗೂರಿನ ಸಿಸ್ಟರ್ ಎಂದರೆ ಗಂಗಾದೇವಿ. ಅಲ್ಲಿನ ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳನ್ನೆಲ್ಲ ನೋಡಿಕೊಳ್ಳುವವರು, ಅವರು ಹೂಂ ಅಂದರೆ ಆಸ್ಪತ್ರೆ ಕೊಳ್ಳುತ್ತದೆ. ಅವರು ಕೈಯಲ್ಲಿ ಕೊರೆದ ನನ್ನ ಮಾದರಿ ತುಂಡುಗಳ ಲ್ಯಾಬ್ ರಿಪೋರ್ಟನ್ನು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು.

"ಸೋರಿಲ್ಲ, ಹೊಲಸು ಒಳಗ ಹೋಗಿಲ್ಲ, ಎಲ್ಲಾ ಛಲೋ ಐತಿ ತಂಗೀ. ಆದ್ರ ಲ್ಯಾಬಿನ್ಯಾಗ ನಮ್ಮ ಮಂದಿ ಇರೂದಿಲ್ಲ. ನಮ್ಮ ಮಂದಿ ಎರಡು ಪೈಪು ಕಂಡ್ರ ಸುಮ್ನ ಕುಂದ್ರಂಗಿಲ್ಲ. ಅವರ ಕೈಯಾಗ ಕೊಟ್ಟು ನೋಡು. ಅವರೂ ಸಲೈನಿಗೆ ಜೋಡಿಸಲಿಲ್ಲ ಅಂದ್ರ ನಾ ಒಪ್ತೀನಿ."

ಬಸ್ಸಿನಲ್ಲಿ ಮಸ್ಕಿಗೆ ಬರುವಾಗ ನನಗೆ ತಲೆಯಲ್ಲಿ ಹಲಿಗೆ ಬಾರಿಸಿದಂತಾಯಿತು. ನಮ್ಮ ಕಡೆ ಯಾವುದೇ ಕೆಲಸ ಯಾರಿಂದಲೂ ಆಗುವುದಿಲ್ಲ ಎಂದರೆ ಅದಕ್ಕೊಂದು ಪಣ ಕಟ್ಟುತ್ತಾರೆ. ದುಂಡುಕಲ್ಲು ಎತ್ತುವುದು, ಜೋಳದ ಚೀಲ ಹಲ್ಲಿನಿಂದ ಎತ್ತುವುದು. ಗೆದ್ದವನಿಗೆ ಬೆಳ್ಳಿ ಕಡಗ, ಹಲಿಗೆ, ಗುಲಾಲು, ಮೆರವಣಿಗೆ. ಕಲ್ಲಿಗೆ ಪಣ ಕಟ್ಟಬಹುದಾದರೆ ಜಾಯಿಂಟಿಗೆ ಯಾಕಾಗಬಾರದು?

ಮನೆಗೆ ಬಂದು ಹೇಳಿದೆ. ಆಯಿ ಚಪ್ಪಾಳೆ ಹೊಡೆದಳು, ಬಲಗೈಯಿಂದ ತೊಡೆಗೆ. ಅಪ್ಪ ಮಾತ್ರ ಮುಖ ತಿರುವಿದ.

"ನಾ ಬರಂಗಿಲ್ಲ ಬೇ. ಜೋಡಿಸಿದ್ರ ಮಗಳ ಹೊಟ್ಟಿ ಮ್ಯಾಲ ಹೊಡದ ಅಂತಾರ. ಬಿಟ್ರ ಮಗಳಿಗೆ ಬಿಟ್ಟುಕೊಟ್ಟ ಅಂತಾರ. ಅತ್ತ ದರಿ ಇತ್ತ ಹುಲಿ ಆಗೇತಿ ನಂದು."

"ನೀ ಬರದಿದ್ರ ಅದು ಪಣ ಅಲ್ಲ, ಹುಡುಗರಾಟ."

"ನಾ ಕೈ ಹಚ್ಚಿದ್ರ ನಿನ್ನ ಜಾಯಿಂಟು ಉಳಿಯಂಗಿಲ್ಲ, ಹೇಳೀನಿ."

"ಉಳಿಯಂಗಿಲ್ಲ ಅಂದ್ರ ಸಾಯಲಿ!" ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಅಪ್ಪನಿಗೂ ಅಲ್ಲೇ. ಅವ್ವ ಬಂದು ನಡುವೆ ಚಹಾ ಇಟ್ಟು ಹೋದಳು.

ಪಣದ ದಿನ ನಮ್ಮ ಅಂಗಡಿಯ ಮುಂದಿನ ಬಯಲಿನಲ್ಲಿ ಶಾಮಿಯಾನ ಎದ್ದಿತು. ನಾನು ನಾಲ್ಕು ಮಂದಿ ಫಿಟ್ಟರುಗಳು ಬಂದಾರು ಎಂದುಕೊಂಡಿದ್ದೆ. ಬಂದದ್ದು ನೋಡಿದರೆ ಸಿಂಧನೂರಿನ ಗಿರಣಿ ಮೆಕ್ಯಾನಿಕ್ಕುಗಳು, ಲಿಂಗಸೂಗೂರಿನ ನಳದ ಕೆಲಸದವರು, ಮುದಗಲ್ಲಿನಿಂದ ಬಸ್ಸು ಹಿಡಿದು ಬಂದ ಹೊಲಿಗೆಯ ಖಾಸಿಂಬೀ, ಪಾಮನಕಲ್ಲೂರಿನಿಂದ ಬೋರ್‌ವೆಲ್ ರಿಪೇರಿಯ ದುರುಗೇಶ ತನ್ನ ಊರಿನ ಒಂದು ಟ್ರ್ಯಾಕ್ಟರ್ ಮಂದಿಯೊಂದಿಗೆ. ಹಲಿಗೆಯವರು ಯಾರೂ ಕರೆಯದೆಯೇ ಬಂದಿದ್ದರು. ಮಿರ್ಚಿ ಬಜಿಯ ಗಾಡಿಯೂ ಬಂತು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಗಂಗಾದೇವಿ ಸಿಸ್ಟರ್ ಮತ್ತು ಮೆಹರಬಾನು ಆಪಾ ಕುರ್ಚಿಯಲ್ಲಿ ಕೂತರು. ನಿಯಮವನ್ನು ಮೈಕಿನಲ್ಲಿ ನಾನೇ ಹೇಳಿದೆ. ಮೇಲಿನ ಬಾಟ್ಲಿಯಲ್ಲಿ ಓಕುಳಿ ನೀರು, ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪಾಗಿಸಿದ್ದು. ಅದು ಅಂಬಲಿ ಎಂದು ತಿಳಿಯಬೇಕು, ಅದರ ಪೈಪಿನ ತುದಿಗೆ ನನ್ನ ಹೆಣ್ಣು ತುಂಡು. ಕೆಳಗೆ ಸಲೈನಿನ ಪೈಪು, ಹನಿ ಬೀಳುವುದು ಕಾಣುವ ಗಾಜಿನಂಥ ಕೊಳವೆ ಸಮೇತ. ಮನೆಯಲ್ಲಿ, ಆಸ್ಪತ್ರೆಯಲ್ಲಿ ಸಿಗುವ ಯಾವ ಸಾಮಾನನ್ನಾದರೂ ಬಳಸಿ ಎರಡನ್ನೂ ಜೋಡಿಸಬಹುದು. ನನ್ನ ಜಾಯಿಂಟನ್ನು ಕೊಯ್ಯುವಂತಿಲ್ಲ, ಸುಡುವಂತಿಲ್ಲ. ಕೊಳವೆಯಲ್ಲಿ ಒಂದು ಕೆಂಪು ಹನಿ ಬಿದ್ದರೆ ಜೋಡಿಸಿದವರಿಗೆ ಬೆಳ್ಳಿ ಕಡಗ.

"ಮತ್ತ ನಿನಗ?" ಎಂದು ಯಾರೋ ಕೂಗಿದರು.

"ನನಗ ಉಪ್ಪಿನಕಾಯಿ!" ಎಂದೆ. ಆಪಾ ಸೆರಗು ಬಾಯಿಗಿಟ್ಟು ನಕ್ಕರು.

ಮೊದಲು ದುರುಗೇಶ ಬಂದ. ತೋಳು ಮಡಚಿ, ಜನರಿಗೆಲ್ಲ ಕೈ ಮುಗಿದು, ಸಲೈನಿನ ಪೈಪಿನ ಬಾಯನ್ನು ಲೈಟರಿನಿಂದ ಕಾಸಿ ಅಗಲ ಮಾಡಿ ನನ್ನ ಜಾಯಿಂಟಿನ ಮೇಲೆ ಏರಿಸಿದ. ಏರಿತು! ಪಾಮನಕಲ್ಲೂರಿನವರು ಟ್ರ್ಯಾಕ್ಟರಿನ ಮೇಲೆಯೇ ಕುಣಿದರು.

"ಹನಿ ಎಲ್ಲೈತ್ರೀ?" ಎಂದರು ಸಿಸ್ಟರ್.

ಹನಿ ಇಲ್ಲ. ದುರುಗೇಶ ಬಾಟ್ಲಿ ಅಲ್ಲಾಡಿಸಿದ, ಹಿಂಡಿದ, ಕೊನೆಗೆ ಬಾಟ್ಲಿಗೆ ಬೈದ. ಬಾಗಿಲು ತೆರೆಯಲಿಲ್ಲ. ಖಾಸಿಂಬೀ ಮೇಣಗಪ್ಪಡದ ಚೀಲ ಹೊಲಿದು ಎರಡನ್ನೂ ಅದರೊಳಗೆ ಕೂಡಿಸಿ ಬಾಯಿ ಬಿಗಿದಳು. ಎಷ್ಟು ಚಂದದ ಹೊಲಿಗೆ! ಹನಿ ಮಾತ್ರ ಇಲ್ಲ. ಒಬ್ಬ ಗೋಧಿಹಿಟ್ಟು ಮೆತ್ತಿದ, ಒಬ್ಬ ಬಲೂನು ಏರಿಸಿದ, ಒಬ್ಬ ದೇವರ ಅಂಗಾರ ಹಚ್ಚಿಕೊಂಡು ಬಂದು ಕಣ್ಣು ಮುಚ್ಚಿ ತಿರುವಿದ. ಪ್ರತಿಯೊಬ್ಬರು ಸೋತಾಗಲೂ ಹಲಿಗೆಯವರು ಡಣ್ ಎಂದು ಒಂದು ಪೆಟ್ಟು ಹಾಕುತ್ತಿದ್ದರು, ಬಯಲೆಲ್ಲ ನಗುತ್ತಿತ್ತು. ನನ್ನ ಕಾಲು ನೆಲದ ಮೇಲಿರಲಿಲ್ಲ. ಸೋತವರೇ ಬಂದು ನನ್ನ ಬೆನ್ನು ಚಪ್ಪರಿಸಿ, "ಎಂಥಾ ಹಟಮಾರಿ ಹೆಣ್ಣು ಮಾಡೀ ತಂಗೀ" ಎಂದು ಹೇಳಿ ಬಜಿ ತಿನ್ನಲು ಹೋಗುತ್ತಿದ್ದರು.

ಆಗ ಆಯಿ ಎದ್ದು ನಿಂತು ಮೈಕಿಲ್ಲದೆಯೇ ಕೂಗಿದಳು: "ಗದ್ಯಾ! ಎಲ್ಲಿ ಅಡಗಿ ಕುಂತೀಲೇ? ಬಾ ಹೊರಗ!"

ಅಪ್ಪ ಅಂಗಡಿಯಿಂದ ಹೊರಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಬರುವುದಿಲ್ಲ ಎಂದವನು ಬೆಳಿಗ್ಗೆಯೇ ತಯಾರಾಗಿ ಕೂತಿದ್ದನೆಂದು ಆ ಅಂಗಿಯೇ ಹೇಳುತ್ತಿತ್ತು.

ಕೂತ. ಸೈಕಲ್ ಟ್ಯೂಬಿನ ತುಂಡು ಏರಿಸಿ ನೂಲು ಬಿಗಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಜೋಡಾಯಿತು, ಹನಿ ಬರಲಿಲ್ಲ. ಬಿಚ್ಚಿದ. ಒಂದು ಕಣ್ಣು ಮುಚ್ಚಿ ನನ್ನ ಜಾಯಿಂಟಿನ ಬಾಯೊಳಗೆ ಇಣುಕಿದ, ಕಿರುಬೆರಳಿನ ಉಗುರಿನಿಂದ ಬಾಗಿಲು ತಟ್ಟಿದ. ಆಮೇಲೆ ಆಯಿ ಅಂಗಳ ಗುಡಿಸುವ ಕಡ್ಡಿ ಬಾರಿಗೆ ತರಿಸಿ, ಅದರಿಂದ ಒಂದು ಕಡ್ಡಿ ಎಳೆದು, ಮುರಿದು, ಹಲ್ಲಿನಿಂದ ಅಳತೆಗೆ ಕತ್ತರಿಸಿದ. ಟವಲು ಮುಚ್ಚಿಕೊಂಡು ಅದರಡಿಯಲ್ಲಿ ಏನೋ ಮಾಡತೊಡಗಿದ.

ನಾನು ನೋಡುತ್ತಿದ್ದದ್ದು ಅವನ ಕೈಯನ್ನಲ್ಲ, ಹುಬ್ಬನ್ನು. ಜೋಡು ಹತ್ತಿತೆಂದರೆ ಅಪ್ಪನ ಎಡಹುಬ್ಬು ತಾನಾಗಿಯೇ ಮೇಲೆ ಏಳುತ್ತದೆ. ಅವನಿಗೆ ಅದು ಗೊತ್ತಿಲ್ಲ, ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಎದ್ದಿತು.

ಎದ್ದ ಹುಬ್ಬಿನಲ್ಲೇ ಅಪ್ಪ ತಲೆ ಎತ್ತಿ ನನ್ನನ್ನು ನೋಡಿದ. ಪೆನ್ನು ಹಿಡಿದು ಕೂತ ಸಿಸ್ಟರನ್ನು ನೋಡಿದ, ಆಪಾರನ್ನು ನೋಡಿದ. ಹುಬ್ಬು ಮೆಲ್ಲಗೆ ಇಳಿಯಿತು. ಟವಲಿನಡಿಯಲ್ಲೇ ಎಲ್ಲ ಬಿಚ್ಚಿದ, ಕಡ್ಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಎದ್ದು ನಿಂತ.

"ಆಗೂದಿಲ್ಲ," ಎಂದ.

ಬಯಲು ಸಿಡಿಯಿತು. ಹಲಿಗೆ ಜೋರಾಯಿತು. ಗುಲಾಲು ಎಲ್ಲಿಂದ ಬಂತೋ, ನನ್ನ ತಲೆ, ಕಿವಿ, ಹಲ್ಲು ಎಲ್ಲ ಗುಲಾಲು. ಆಪಾ ಬಂದು ಅಪ್ಪಿಕೊಂಡು, "ಮುಬಾರಕ್ ಬೇಟಿ, ಡೈ ನಿಂದು!" ಎಂದರು. ಸುಳ್ಳು ಯಾಕೆ ಹೇಳಲಿ, ಆ ಗಳಿಗೆ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಸುಮ್ಮನಿದ್ದುಬಿಡು ಸುಕನ್ಯಾ ಎಂದು ಒಳಗಿನಿಂದ ಯಾರೋ ಹೇಳಿದರು. ಅಪ್ಪ ದೂರದಲ್ಲಿ ನಿಂತು ಸೋತವರ ಜೊತೆ ನಗುತ್ತಿದ್ದ. ಎಂದೂ ಸೋಲದವನು ಹೀಗೆ ಹಲ್ಲು ಕಿರಿದು ನಗುತ್ತಾನೆಯೇ? ಆ ನಗು ನೋಡಿದ ಕೂಡಲೇ ನನ್ನ ಸಿಟ್ಟು ನೆತ್ತಿಗೇರಿತು. ನುಗ್ಗಿ ಹೋಗಿ ಮೈಕು ಕಸಿದುಕೊಂಡೆ.

"ಅಪ್ಪಾ! ಕಿವಿ ಮ್ಯಾಲಿನ ಕಡ್ಡಿ ತಗಿ!"

ಹಲಿಗೆ ನಿಂತಿತು.

"ಯಾವ ಕಡ್ಡಿ?" ಎಂದ ಅಪ್ಪ.

"ನಿನ್ನ ಹುಬ್ಬು ಎದ್ದಿತ್ತು. ನಾ ನೋಡೀನಿ."

"ನೊಣ ಕುಂತಿತ್ತು ಬೇ."

ಮಂದಿ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು, ಅಳುವೂ ಬಂತು, ಎರಡನ್ನೂ ಮೈಕಿನಲ್ಲೇ ಮಾಡಿದೆ. "ಖರೇ ಹೇಳು. ಜೋಡಾತಿಲ್ಲೋ?"

"ನಿನ್ನ ಡೈ ತಗೊಂಡು ಸುಮ್ನ ಮನಿಗಿ ನಡಿ, ಸುಕ್ಕೀ," ಎಂದು ಅಪ್ಪ ಹತ್ತಿರ ಬಂದು ಪಿಸುಗುಟ್ಟಿದ. ಪಿಸುಗುಟ್ಟಿದ್ದು ಮೈಕಿನ ಮುಂದೆ. ಬಜಿ ಗಾಡಿಯವನವರೆಗೂ ಕೇಳಿಸಿತು.

"ಇವತ್ತ ಮಗಳು ಅಂತ ನೀ ಬಿಟ್ಟಿ," ಎಂದೆ. "ನಾಳೆ ಯಾವನೋ ಒಬ್ಬ ನಿನ್ನಂಥಾ ಶಾಣ್ಯಾ, ಅವರವ್ವಗ ಅಂಬಲಿ ಹಾಕಾಕ ಹೋಗಿ ಇದ ಕಡ್ಡಿ ಇಟ್ಟು ಸಲೈನಿಗೆ ಜೋಡಿಸಿದ್ರ? ಆಗ ಯಾರು ಬಿಡ್ತಾರಪ್ಪಾ?"

ಮಾತಾಡಿದ್ದು ಬಾರಿಗೆ. ಆಯಿ ಅದನ್ನು ಹಿಡಿದು ಬಂದು ಅವನ ಬೆನ್ನಿಗೆ ಎರಡು ಬಾರಿಸಿ, "ಮೂಗಿನ್ಯಾಗ ಉಂಡಾಕಿ ನಾ ಅದೀನಿ. ಜೋಡಿಸಲೇ ಮೂಳಾ!" ಎಂದಳು.

ಅಪ್ಪ ಮತ್ತೆ ಕೂತ. ಈ ಸಲ ಟವಲು ಇಲ್ಲ. ಸೈಕಲ್ ಟ್ಯೂಬಿನೊಳಗೆ ಕಡ್ಡಿಯ ತುಂಡನ್ನು ನಿಲ್ಲಿಸಿ, ಅದರ ಒಂದು ತುದಿ ರಬ್ಬರ್ ಬಾಗಿಲ ನಡುವಿಗೆ ಬರುವಂತೆ ಒತ್ತಿ ಬಿಗಿದ. ಕೊಳವೆಯಲ್ಲಿ ಟಪ್ ಎಂದು ಒಂದು ಕೆಂಪು ಹನಿ ಬಿತ್ತು. ಆಮೇಲೆ ಇನ್ನೊಂದು.

ಅಪ್ಪ ನನ್ನ ಮುಖ ನೋಡಲಾರದೆ ನೆಲ ನೋಡುತ್ತಿದ್ದ. ಆ ಹನಿ ಆಯಿಯ ನರದೊಳಗೆ ಬಿದ್ದಂತೆ ನನಗೆ ಒಂದು ಗಳಿಗೆ ಕಂಡಿತು. ಮರುಗಳಿಗೆ ಕಡ್ಡಿ ಎಲ್ಲಿ ಒತ್ತಿದೆ ಎಂದು ಬಗ್ಗಿ ನೋಡಿದೆ. ನಡುವೆ! ಬರೀ ನಡುವೆ! ನನ್ನ ಗಂಡು ತುಂಡಿಗೆ ಸುತ್ತಲೂ ಅಂಚು ಇದೆ, ಬೇಕಾದರೆ ಸುತ್ತಲೂ ಒಂದೇ ಸಮ ಒತ್ತಬಲ್ಲದು. ಕಡ್ಡಿಗೆ ಒಂದೇ ತುದಿ, ಅದು ಒಂದೇ ಕಡೆ ಒತ್ತಬಲ್ಲದು. ಬಾಗಿಲ ನಡುವನ್ನು ಮೆತ್ತಗೆ ಮಾಡಿ ಅಂಚನ್ನು ಬಿಗಿ ಮಾಡಿದರೆ? ಕಡ್ಡಿ ಒತ್ತಿದಲ್ಲಿ ತಗ್ಗು ಬೀಳುತ್ತದೆ, ಅಷ್ಟೇ, ಬಾಗಿಲು ಕದಲುವುದಿಲ್ಲ!

ನಾನು ಕೂಗಿದೆ. ಏನು ಕೂಗಿದೆನೋ ನನಗೆ ನೆನಪಿಲ್ಲ, ಮಳೆ ಕಂಡ ಕಪ್ಪೆಯಂತೆ ಕುಪ್ಪಳಿಸಿದೆನಂತೆ. ಅಪ್ಪನ ಕೈಗೆ ನಾನೇ ಕಡಗ ಏರಿಸಿದೆ. ಮಗಳು ಸೋತು ತಲೆ ಕೆಟ್ಟಿತು ಎಂದು ಅಪ್ಪ ಹೆದರಿ ನನ್ನ ಹಣೆ ಮುಟ್ಟಿ ನೋಡಿದ. ಯಾರಿಗೆ ಗುಲಾಲು ಹಾಕಬೇಕು ತಿಳಿಯದೆ ಮಂದಿ ಇಬ್ಬರಿಗೂ ಹಾಕಿದರು. ಹಲಿಗೆಯವರಿಗೆ ಯಾರು ಗೆದ್ದರೇನು, ಮಸ್ಕಿಯ ನಡುಬೀದಿಯವರೆಗೂ ಬಾರಿಸಿಕೊಂಡು ಹೋದರು. ಮುಂದೆ ಆಯಿ, ಬಾರಿಗೆ ಮೇಲೆತ್ತಿಕೊಂಡು.

ಮೆರವಣಿಗೆಯಲ್ಲಿ ಸಿಸ್ಟರ್ ನನ್ನ ತೋಳು ಹಿಡಿದು ಬದಿಗೆ ಎಳೆದರು. "ಇದನ್ನ ನಾ ಒಪ್ಪಂಗಿಲ್ಲ, ತಂಗೀ."

"ಒಪ್ಪಬ್ಯಾಡ್ರೀ! ಬಾಗಿಲು ಬ್ಯಾರೆ ಮಾಡ್ತೀನಿ. ಮತ್ತ ನಮ್ಮಪ್ಪನ ಕೈಯಾಗ ಕೊಡ್ತೀನಿ."

"ಆತು. ಆದ್ರ ಅವರು ಮತ್ತ ಆಗೂದಿಲ್ಲ ಅಂದ್ರ ನಾ ಹ್ಯಾಂಗ ನಂಬಲಿ? ಇವತ್ತೂ ಹಂಗ ಅಂದ್ರು."

ಆಪಾ ಉಪ್ಪಿನಕಾಯಿಯವರಿಗೆ ಬರುವ ಸೋಮವಾರದವರೆಗೆ ಏನಾದರೊಂದು ನೆವ ಹೇಳುವುದಾಗಿ ಒಪ್ಪಿದರು. ಅದರ ಆಚೆಗೆ ಇಲ್ಲ ಎಂದೂ ಹೇಳಿದರು.

ಸಿಂಧನೂರಿಗೆ ಹೋಗಿ ಬಾಗಿಲು ಬದಲಿಸಿದೆ. ಊಟ ಮಾಡುವಾಗ ತಟ್ಟೆಯಲ್ಲಿ ಬಾಗಿಲು, ಮಲಗಿದರೆ ಕಣ್ಣಲ್ಲಿ ಬಾಗಿಲು. ನಡುವೆ ಮೆತ್ತನೆಯ ರಬ್ಬರು, ಸುತ್ತ ಬಿಗಿ ಅಂಚು. ಸುತ್ತಲೂ ಒಂದೇ ಸಮ ಒತ್ತಿದರೆ ಮಾತ್ರ ತೆರೆಯಬೇಕು. ಯಾವ ಶಾಣ್ಯಾನೂ ಗುಂಪು ಕಡ್ಡಿ ತೂರಿಸದಂತೆ ಬಾಯನ್ನು ಇನ್ನಷ್ಟು ಕಿರಿದು ಮಾಡಿದೆ. ಮಾದರಿ ತುಂಡುಗಳು ಕೈಗೆ ಬಂದ ಮೇಲೆ ನಾನೇ ಬಾರಿಗೆ ಹಿಡಿದು ಕೂತೆ, ತೆರೆಯಲಿಲ್ಲ. ಆದರೆ ನನ್ನ ಕೈ ಅಪ್ಪನ ಕೈ ಅಲ್ಲವಲ್ಲ.

ಶನಿವಾರ ಬೆಳಿಗ್ಗೆ ಮಸ್ಕಿಯ ಅಂಗಡಿಯಲ್ಲಿ ಅವನ ಮುಂದಿಟ್ಟೆ. ಶಾಮಿಯಾನ ಇಲ್ಲ, ಹಲಿಗೆ ಇಲ್ಲ, ನಾನು, ಅಪ್ಪ, ಬಾಗಿಲಲ್ಲಿ ಆಯಿ.

"ಈ ಸಲ ಬಿಟ್ಟುಕೊಟ್ರ ನಿನ್ನ ಕೂಡ ಮಾತ ಬಿಡ್ತೀನಿ," ಎಂದೆ.

"ಹೋಗ ಬೇ," ಎಂದು ಅಪ್ಪ ಕಡಗ ತಿರುವಿಕೊಂಡ. ಚಹಾ ಕುಡಿಯುತ್ತ, ಹಾಡು ಗುನುಗುತ್ತ ಕಡ್ಡಿ ಮುರಿದ. ಟ್ಯೂಬು ಏರಿಸಿದ. ಹನಿ ಇಲ್ಲ. "ಹಂ," ಎಂದ. ಇನ್ನೊಂದು ಕಡ್ಡಿ. ಇನ್ನೊಂದು. ಹಾಡು ನಿಂತಿತು. ಕಡ್ಡಿಗಳನ್ನು ನೂಲಿನಿಂದ ಸುತ್ತ ಕಟ್ಟಿ ಪುಟ್ಟದೊಂದು ಬೇಲಿಯನ್ನೇ ಮಾಡಿದ, ಬಾಯೊಳಗೆ ಹಿಡಿಸಲಿಲ್ಲ. ತೆಳ್ಳಗೆ ಸೀಳಿ ಮಾಡಿದ, ಬಾಗಿ ಮುರಿದವು. ಹುಣಸೆ ಬೀಜ ತೇಯ್ದು ಗುಂಡಗೆ ಮಾಡಿದ. ಅವ್ವನ ಮೂಗುತಿಯ ತಿರುಪು ಕೇಳಿದ, ಅವ್ವ ಕೊಡಲಿಲ್ಲ, ಅವಳಿಗೆ ಬೈದ. ಗಿರಾಕಿ ಬಂದು ಪೈಪು ತೋರಿಸಿದರೆ, "ಕಾಣ್ತದಿಲ್ಲೋ, ಕೆಲಸದಾಗ ಅದೀನಿ!" ಎಂದು ಅಟ್ಟಿದ. ತಣ್ಣಗಾದ ಚಹಾ ಹಾಗೇ ಇತ್ತು. ಅವ್ವ ಊಟಕ್ಕೆ ಕರೆದಳು, ಬರಲಿಲ್ಲ. ರೊಟ್ಟಿ ತಂದಿಟ್ಟರೆ ಪಕ್ಕಕ್ಕೆ ಸರಿಸಿದ.

ನಾನು ಹುಬ್ಬು ನೋಡುತ್ತ ಕೂತಿದ್ದೆ. ಹುಬ್ಬು ಏಳಲಿಲ್ಲ, ಎರಡೂ ಕೂಡಿ ಗಂಟಾದವು. ಕಿವಿ ಕೆಂಪಾಯಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾರಿಗೆಯಲ್ಲಿ ಹಿಡಿಕೆಯ ದಾರ ಮಾತ್ರ ಉಳಿದಿತ್ತು.

"ಅಪ್ಪಾ, ಸಾಕು ಬಿಡು. ಒಂದ ತುತ್ತು ಉಣ್ಣು," ಎಂದೆ.

ಅಪ್ಪ ನಿಧಾನವಾಗಿ ತಲೆ ಎತ್ತಿದ. "ಏನು ಮಾಡೀ ಬೇ ಇದನ್ನ?" ಎಂದ. "ಮನುಷ್ಯಾರು ಮಾಡೂದೇನು ಇದು? ನನ್ನ ಬಾರಿಗಿ ಹೋತು, ನನ್ನ ಹೊತ್ತು ಹೋತು! ನಗಾಕತ್ತೀ ಏನು? ನನ್ನ ನೋಡಿ ನಗಾಕತ್ತೀ? ನಡಿ ಹೊರಗ! ನಿನ್ನ ಮಾರಿ ತೋರಿಸಬ್ಯಾಡ ನನಗ! ಊರ ಮಂದಿ ಮುಂದ ಹ್ಯಾಂಗ ತಿರುಗಾಡಲಿ ನಾ?"

ಸ್ಟೂಲಿಗೆ ಒಂದು ಒದೆ ಬಿತ್ತು. ಪೈಪಿನ ರಾಶಿ ಗಡಗಡ ಉರುಳಿತು. ನಾನು ಹೊರಗೆ ಓಡಿದೆ, ಆಯಿ ನನ್ನ ಹಿಂದೆ ಓಡಿದಳು, ಆ ವಯಸ್ಸಿನಲ್ಲಿ ಸೆರಗು ಎತ್ತಿ ಕಟ್ಟಿಕೊಂಡು. ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು.

ಓಣಿಯಲ್ಲಿ ನಿಂತು ಆಪಾಗೆ ಫೋನು ಹಚ್ಚಿದೆ.

"ಅಳಾಕತ್ತೀ ಏನು ಬೇಟಿ? ನಗಾಕತ್ತೀ?"

"ನಮ್ಮಪ್ಪ ನನ್ನನ್ನ ಅಂಗಡಿಯಿಂದ ಹೊರಗ ಹಾಕ್ಯಾನ್ರೀ ಆಪಾ!"

"ಯಾ ಅಲ್ಲಾ! ಯಾಕ?"

"ಜೋಡಿಸಾಕ ಬರಲಿಲ್ರೀ!"

ಆಪಾ ಲಿಂಗಸೂಗೂರಿನ ಸಿಸ್ಟರನ್ನೂ ಅದೇ ಫೋನಿಗೆ ಸೇರಿಸಿದರು. ನಂಬುವುದು ಹೇಗೆ ಎಂದು ಅವರು ಕೇಳುವ ಮೊದಲೇ ನಾನು ಫೋನನ್ನು ಅಂಗಡಿಯ ಬಾಗಿಲಿಗೆ ಹಿಡಿದೆ. ಒಳಗೆ ಕಬ್ಬಿಣ ಬೀಳುತ್ತಿತ್ತು, ಪೈಪು ಬೀಳುತ್ತಿತ್ತು, ನಾನು ಓದಿದ ಶಾಲೆಗೆ, ನನಗೆ ಕಲಿಸಿದ ಮಾಸ್ತರಿಗೆ, ಪ್ಲಾಸ್ಟಿಕ್ಕು ಕಂಡುಹಿಡಿದವನ ವಂಶಕ್ಕೆ ಬೈಗುಳ ಬೀಳುತ್ತಿದ್ದವು. ಸಿಸ್ಟರ್ ಬಹಳ ಹೊತ್ತು ಕೇಳಿಸಿಕೊಂಡರು.

"ಸಾಕು ತಂಗೀ," ಎಂದರು ಕೊನೆಗೆ. "ಪಣದಾಗ ಸೋತು ನಗಾಕತ್ತಿದ್ರು. ಇವತ್ತ ಖರೇ ಅಂದ್ರ ಖರೇ ಸೋತಾರ. ಆಪಾ, ಉಕ್ಕು ಕೊಯ್ಸ್ರೀ."

"ಅಕೀನ್ನ ಒಳಗ ಬಿಟ್ಟವರ ಕಾಲು ಮುರೀತೀನಿ!" ಎಂದು ಬಾಗಿಲಾಚೆಯಿಂದ ಅಪ್ಪ ಗುಡುಗಿದ. ನಾನೂ ಆಯಿಯೂ ಓಣಿಯ ನಡುವೆ ಒಬ್ಬರ ಕೈ ಒಬ್ಬರು ಹಿಡಿದು ಗಿರಗಿರ ತಿರುಗುತ್ತಿದ್ದೆವು.